ಬೆಂಡ್ ಪೈಪಿಗೆ ಯಾವ ಬಣ್ಣ?

ನಮ್ಮ ಮನೆಯ ಯೆಜ್ಡಿ ರೋಡ್‌ಕಿಂಗ್ ಬೈಕ್ ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ್ದು. ಆ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಅಪ್ಪನ ಗಾಡಿ ಮಾತ್ರ ತೀರ್ಥಹಳ್ಳಿಯ ಮಳೆಯಲ್ಲಿ ಇನ್ನೂ ಓಡುತ್ತಿದೆ. ಇಂಜಿನ್ ಗಟ್ಟಿಮುಟ್ಟು, ತುಕ್ಕಿನದ್ದೇ ಗೋಳು. ಸಿಲಿಂಡರಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬಾಗಿದ ಕೊಳವೆಗಳ, ಅಂದರೆ ಬೆಂಡ್ ಪೈಪುಗಳ, ಕ್ರೋಮ್ ಎದ್ದು ಕೆಳಗಿನ ಕಬ್ಬಿಣ ಹಪ್ಪಳದ ಹಾಗೆ ಪದರು ಬಿಡತೊಡಗಿದಾಗ ಬಣ್ಣ ಹುಡುಕಿಕೊಂಡು ಹೊರಟೆ.

ಮೊದಲ ಸಲ ಅಂಗಡಿಯಲ್ಲಿ 'ಹೀಟ್ ಪ್ರೂಫ್' ಅಂತ ಕೊಟ್ಟ ಸಿಲ್ವರ್ ಡಬ್ಬ ತಂದು ಹಚ್ಚಿದೆ. ಕುಪ್ಪಳಿಗೆ ಹೋಗಿ ಬರುವಷ್ಟರಲ್ಲಿ ಬೆಂಡಿನ ಮೇಲೆ ಗುಳ್ಳೆ! ಉಗುರಿನಲ್ಲಿ ಕೆರೆದರೆ ಉದುರುತ್ತಿತ್ತು. ತಮಾಷೆ ಅಂದರೆ ಸೈಲೆನ್ಸರ್ ಬಾಲದ ಕಡೆ ಅದೇ ಬಣ್ಣ ಹೊಳೆಯುತ್ತಾ ಕೂತಿತ್ತು. ಆಮೇಲೆ ಡಬ್ಬದ ಮೇಲಿನ ಸಣ್ಣ ಅಕ್ಷರ ಓದಿದೆ: ಐಎಸ್ 13183 (ಬಿಸಿ ತಡೆಯುವ ಅಲ್ಯೂಮಿನಿಯಂ ಪೇಂಟಿನ ಭಾರತೀಯ ಮಾನಕ), ಗ್ರೇಡ್ 3. ಅಂದರೆ 200 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ಗ್ರೇಡ್ 2 ಆದರೆ 400, ಗ್ರೇಡ್ 1 ಆದರೆ 600. ಮೂರೂ ಅಲ್ಯೂಮಿನಿಯಂ ಪೇಂಟೇ, ಮೂರಕ್ಕೂ ಒಂದೇ ಬೆಳ್ಳಿ ಬಣ್ಣ. ಗ್ರೇಡ್ ಓದದೆ ದುಡ್ಡು ಕೊಡಬೇಡಿ.

ನಿಮ್ಮ ಪೈಪು ಎಷ್ಟು ಕಾಯುತ್ತದೆ ಅಂತ ತಿಳಿಯಲು ಮೀಟರ್ ಬೇಕಿಲ್ಲ. ಸಿಲಿಂಡರಿನ ಹತ್ತಿರ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಕಬ್ಬಿಣ ಬೆಳ್ಳಗಾಗುವ ತನಕ ಉಜ್ಜಿ. ಒಂದು ಘಾಟಿ ಹತ್ತಿಸಿ ಬಂದು ನೋಡಿ. ಒಣಹುಲ್ಲಿನ ತೆಳು ಹಳದಿ ಬಂದಿದ್ದರೆ ಹೆಚ್ಚು ಕಡಿಮೆ 220–230 ಡಿಗ್ರಿ. ನೀಲಿಯಾಗಿದ್ದರೆ 300ರ ಆಸುಪಾಸು. ನನ್ನದು ನವಿಲುಗರಿಯ ನೀಲಿಗೆ ತಿರುಗಿತ್ತು. ಅಂಥ ಕಡೆ 600ರ ಬಣ್ಣ ತಂದರೇ ನೆಮ್ಮದಿ.

ಕಪ್ಪೇ ಬೇಕು ಅನ್ನುವವರು ಸಿಲಿಕೋನ್ ರಾಳದ ಸ್ಪ್ರೇ ಡಬ್ಬ ತನ್ನಿ, 600 ಡಿಗ್ರಿಯದ್ದು. ಸಾದಾ ಕಪ್ಪು ಎನಾಮೆಲ್ ಸುಮ್ನೆ ದಂಡ, ಸುಟ್ಟು ಹೊಗೆಯಾಗುತ್ತದೆ. ಪೌಡರ್ ಕೋಟಿಂಗ್ ಚಾಸಿಗೆ ಚೆಂದ, ಬೆಂಡಿಗೆ ಬೇಡ. ಅದನ್ನು ಬೇಯಿಸುವುದೇ 200 ಡಿಗ್ರಿಯ ಸುಮಾರಿಗೆ, ಅಲ್ವಾ? ಸೆರಾಮಿಕ್ ಕೋಟಿಂಗ್ ಎಲ್ಲಕ್ಕಿಂತ ಗಟ್ಟಿ, ಖರ್ಚೂ ಜಾಸ್ತಿ. ಕಾರಿನ ಮ್ಯಾನಿಫೋಲ್ಡಿಗೆ (ಇಂಜಿನ್ನಿಗೆ ಅಂಟಿದ ಹೊಗೆ ಕೊಳವೆಗೆ) ಸರಿ, ಹಳೇ ಬೈಕಿಗೆ ನಾನಂತೂ ಮಾಡಿಸಲ್ಲ.

ಬಣ್ಣ ಸರಿಯಿದ್ದೂ ಕೈಕೊಡುವುದು ಉಜ್ಜುವ ಕೆಲಸದಲ್ಲಿ. ಉಳಿದ ಕ್ರೋಮಿನ ನುಣುಪಿನ ಮೇಲೆ ಬಣ್ಣ ಕಚ್ಚಲ್ಲ. ಹತ್ತಿರದಲ್ಲಿ ಸ್ಯಾಂಡ್ ಬ್ಲಾಸ್ಟಿಂಗ್ ಇದ್ದರೆ ಕೊಟ್ಟುಬಿಡಿ. ಇಲ್ಲದಿದ್ದರೆ ವೈರ್ ಬ್ರಷ್, ಆಮೇಲೆ 80ನೇ ನಂಬರಿನ ಎಮರಿ, ಕೊನೆಗೆ 120. ಥಿನ್ನರ್ ಬಟ್ಟೆಯಲ್ಲಿ ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ನಾನು ಮುಟ್ಟಿದ್ದೆ. ವಾರ ಕಳೆದ ಮೇಲೆ ನನ್ನದೇ ಹೆಬ್ಬೆರಳಿನ ಆಕಾರದಲ್ಲಿ ಬಣ್ಣ ಎದ್ದಿತ್ತು. ಕೆಳಗೆ ಮಾಮೂಲಿ ಕೆಂಪು ಪ್ರೈಮರ್ ಬಳಿಯಬೇಡಿ, ಮೊದಲು ಸುಡುವುದು ಅದೇ. ನಮ್ಮ ಕಡೆ ಆಷಾಢದಲ್ಲಿ ಉಜ್ಜಿದ ಕಬ್ಬಿಣ ಗಂಟೆಯೊಳಗೆ ಕೆಂಪಾಗುತ್ತದೆ, ಹಾಗಾಗಿ ಬಿಸಿಲಿನ ದಿನವೇ ಕೆಲಸ ಹಿಡಿಯಿರಿ. ಟೂ ಸ್ಟ್ರೋಕಿನವರು ಇನ್ನೊಂದು ನೋಡಿ. ಸಿಲಿಂಡರ್ ಜಾಯಿಂಟಿನಲ್ಲಿ ಎಣ್ಣೆ ಜಿನುಗುತ್ತಿದ್ದರೆ ಮೊದಲು ಗ್ಯಾಸ್ಕೆಟ್ ಹಾಕಿಸಿ, ಆಮೇಲೆ ಬಣ್ಣದ ಮಾತು.

ಕೋಟ್ ತೆಳ್ಳಗಿರಲಿ. ನೀರು ದೋಸೆಯಷ್ಟೂ ದಪ್ಪ ಬೇಡ! ಎರಡು ಕೋಟ್ ಸಾಕು, ದಪ್ಪ ಬಳಿದರೆ ಸಿಪ್ಪೆ ಏಳುತ್ತದೆ. ಬಣ್ಣದೊಳಗಿನ ಅಲ್ಯೂಮಿನಿಯಂ ಪುಡಿ ಡಬ್ಬದ ತಳದಲ್ಲಿ ಕೂತಿರುತ್ತದೆ, ಕಡ್ಡಿ ಹಾಕಿ ಚೆನ್ನಾಗಿ ಕಲಕಿ.

ಒಣಗಿದ ಮಾತ್ರಕ್ಕೆ ಮುಗಿಯಲಿಲ್ಲ. ಸಿಲಿಕೋನ್ ಬಣ್ಣ ಗಟ್ಟಿಯಾಗುವುದು ಬೆಂದ ಮೇಲೆಯೇ, ಸುಮಾರು 200 ಡಿಗ್ರಿಯಲ್ಲಿ. ಅಡುಗೆ ಮನೆಯ ಓವನ್ ಮುಟ್ಟಬೇಡಿ, ಇಂಜಿನ್ನೇ ಒಲೆ. ಒಂದು ದಿನ ಬಿಟ್ಟು ಗಾಡಿ ನಿಂತಲ್ಲೇ ಹತ್ತು ನಿಮಿಷ ಇಂಜಿನ್ ಐಡಲಿನಲ್ಲಿ ಓಡಿಸಿ, ಪೂರ್ತಿ ಆರಲು ಬಿಡಿ. ಮತ್ತೆ ಇಪ್ಪತ್ತು ನಿಮಿಷ, ಮತ್ತೆ ಆರಲಿ. ಮೂರನೇ ಸಲ ರಸ್ತೆಗಿಳಿಸಿ. ಮೊದಲ ಸುತ್ತಿನಲ್ಲಿ ಹೊಗೆ, ನಾತ ಎರಡೂ ಬರುತ್ತವೆ. ಅಂಗಳದಲ್ಲಿ ಮಾಡಿ, ಹೊಗೆಯಿಂದ ದೂರ ನಿಲ್ಲಿ. ಅಲ್ಲಿಯವರೆಗೆ ಪೈಪಿಗೆ ನೀರು, ಪೆಟ್ರೋಲ್ ಬಟ್ಟೆ ತಾಗಬಾರದು.

ಹೊಸ ಬಿಎಸ್ 6 ಗಾಡಿಯಾದರೆ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಬಿಚ್ಚಿಟ್ಟು, ಅದರ ತೂತನ್ನು ಟೇಪಿನಿಂದ ಮುಚ್ಚಿ ಸ್ಪ್ರೇ ಹೊಡೆಯಿರಿ. ಸಿಲಿಕೋನ್ ಆ ಸೆನ್ಸರಿಗೆ ವಿಷ. ಬಣ್ಣ ಪೂರ್ತಿ ಒಣಗಿದ ಮೇಲೆ ಟೇಪ್ ಕಿತ್ತು, ಸೆನ್ಸರ್ ವಾಪಸ್ ಹಾಕಿಯೇ ಇಂಜಿನ್ ಶುರು ಮಾಡಿ.