ತಾಂಬೂಲದ ಬಾಳೆಹಣ್ಣು ಕಪ್ಪಾದಾಗ ಮಾಡುವ ಕೇಕ್, ಗುಳಿಯಪ್ಪ, ದೋಸೆ

ವರಮಹಾಲಕ್ಷ್ಮಿ ಹಬ್ಬ ಮುಗಿದು ನಾಲ್ಕು ದಿನಕ್ಕೆ ನಮ್ಮ ಬೀದಿಯ ಎಲ್ಲ ಅಡುಗೆಮನೆಗಳಲ್ಲೂ ಬಾಳೆಹಣ್ಣಿನ ವಾಸನೆ. ಹೋದ ಕಡೆಯಲ್ಲೆಲ್ಲ ತಾಂಬೂಲದಲ್ಲಿ ಎರಡೆರಡು ಕೊಟ್ಟಿರುತ್ತಾರೆ. ಪೂಜೆಗೆ ತಂದ ಚಿಪ್ಪು ಬೇರೆ ಇರುತ್ತದೆ. ಮೊದಲ ದಿನ ಮಕ್ಕಳು ತಿನ್ನುತ್ತಾರೆ. ಸಿಪ್ಪೆಯ ಮೇಲೆ ಚುಕ್ಕೆ ಬಂದ ಮೇಲೆ ಯಾರೂ ಮುಟ್ಟುವುದಿಲ್ಲ. ಐದನೇ ದಿನ ಕಸದ ಬುಟ್ಟಿಗೆ ಹೋಗುತ್ತವೆ.

ಈಗೀಗ ತುಂಬ ಜನ ವಿಡಿಯೊ ನೋಡಿ ಕೇಕ್ ಮಾಡಲು ಹೊರಟಿದ್ದಾರೆ. ಒಳ್ಳೆಯದೇ. ಆದರೆ ಅಕ್ಕಪಕ್ಕದ ಮನೆಗಳಿಂದ ಬಂದ ಹತ್ತಾರು ಕೇಕ್ ತಿಂದ ಮೇಲೆ ಇದನ್ನು ಬರೆಯಲೇಬೇಕು ಅನಿಸಿತು. ಹೆಚ್ಚಿನವು ಮೇಲೆ ಚೆನ್ನಾಗಿ ಕಂದಾಗಿರುತ್ತವೆ, ಕತ್ತರಿಸಿದರೆ ತಳದಲ್ಲಿ ಬೆರಳು ದಪ್ಪ ಅಂಟು ಪದರ. ಎರಡನೆಯ ತೊಂದರೆ ಸಕ್ಕರೆ. ಜೇನಿನಷ್ಟು ಸಿಹಿಯಾದ ಹಣ್ಣಿಗೆ ಮತ್ತೆ ಒಂದು ಕಪ್ ಸಕ್ಕರೆ ಸುರಿದಿರುತ್ತಾರೆ. ಇವೆರಡನ್ನೂ ತಪ್ಪಿಸಬಹುದು.

ಎಷ್ಟು ಕಪ್ಪಾದರೆ ಸರಿ?

ಕಾಯಿ ಬಾಳೆಯ ತಿರುಳಿನಲ್ಲಿ ಸುಮಾರು ಐದನೇ ಒಂದು ಪಾಲು ಪಿಷ್ಟ ಇರುತ್ತದೆ. ಹಣ್ಣಾಗುತ್ತ ಹೋದಂತೆ ಅದು ಸಕ್ಕರೆಯಾಗಿ ಬದಲಾಗುತ್ತದೆ. ಪೂರ್ತಿ ಮಾಗಿದ ಹಣ್ಣಿನಲ್ಲಿ ನೂರಕ್ಕೆ ಒಂದೆರಡು ಪಾಲು ಪಿಷ್ಟ ಉಳಿದರೆ ಹೆಚ್ಚು. ಹಾಗಾಗಿ ಕೇಕಿಗೆ ಹಳದಿ ಹಣ್ಣು ಹಾಕಿದರೆ ಸಿಹಿಯೂ ಸಾಲದು, ಪರಿಮಳವೂ ಬರದು. ಸಿಪ್ಪೆ ಅರ್ಧಕ್ಕಿಂತ ಜಾಸ್ತಿ ಕಪ್ಪಾಗಬೇಕು, ಒತ್ತಿದರೆ ಬೆರಳು ಒಳಗೆ ಹೋಗಬೇಕು. ಅಲ್ಲಿಯವರೆಗೆ ಕಾಯಿರಿ.

ಸಿಪ್ಪೆ ಪೂರ್ತಿ ಕಪ್ಪಾಗಿದ್ದರೂ ಒಳಗಿನ ತಿರುಳು ಕೆನೆ ಬಣ್ಣದಲ್ಲೋ ತಿಳಿ ಕಂದು ಬಣ್ಣದಲ್ಲೋ ಇದ್ದರೆ ಬಳಸಿ. ತೊಟ್ಟಿನ ಬಳಿ ಬೂಸ್ಟು ಬಂದಿದ್ದರೆ, ನೀರು ಸೋರುತ್ತಿದ್ದರೆ, ಹೆಂಡದಂಥ ಹುಳಿ ವಾಸನೆ ಬಂದರೆ ಗೊಬ್ಬರದ ಗುಂಡಿಗೆ ಹಾಕಿ. ಅಂಥದನ್ನು ಬೇಯಿಸಿ ಉಳಿಸಲು ಹೋಗಬೇಡಿ.

ಕೆಲವು ಹಣ್ಣು ಎಷ್ಟು ದಿನ ಇಟ್ಟರೂ ಸಿಹಿಯಾಗುವುದಿಲ್ಲ. ಎಳೆಯದಾಗಿ ಕೊಯ್ದು ಬಲವಂತವಾಗಿ ಹಣ್ಣು ಮಾಡಿದ ಮಾಲು ಅದು. ಹೊರಗೆ ನಿಂಬೆ ಹಳದಿ, ಒಳಗೆ ಗಟ್ಟಿ, ಆಮೇಲೆ ನೇರವಾಗಿ ಕೊಳೆಯುತ್ತದೆ. ಕಾರ್ಬೈಡ್ ಅನಿಲದಿಂದ ಹಣ್ಣು ಮಾಡುವುದನ್ನು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಆದ್ದರಿಂದ ಹಣ್ಣು ಹೇಗೆ ಮಾಡಿಸುತ್ತೀರಿ ಅಂತ ಅಂಗಡಿಯವರನ್ನು ಕೇಳಲು ಹಿಂಜರಿಯಬೇಡಿ.

ಜಾತಿಯ ವಿಷಯದಲ್ಲಿ ನನ್ನ ಮಾತು ಸ್ಪಷ್ಟ. ಕೇಕಿಗೆ ಏಲಕ್ಕಿ ಬಾಳೆಯೇ ಬೇಕು. ಅದರಲ್ಲಿ ಸಿಹಿ ಹೆಚ್ಚು, ನೀರು ಕಡಿಮೆ, ಸಣ್ಣ ಹುಳಿಯೂ ಇದೆ. ಪಚ್ಚಬಾಳೆಯಲ್ಲೂ ಆಗುತ್ತದೆ, ಆದರೆ ನೀರಿನಂಶ ಜಾಸ್ತಿ, ಹಿಟ್ಟು ಒಂದೆರಡು ಚಮಚ ಹೆಚ್ಚು ಬೇಕು. ನೇಂದ್ರ ಹಣ್ಣನ್ನು ಹಬೆಯಲ್ಲಿ ಬೇಯಿಸಿ ತಿನ್ನಿ, ಕೇಕಿಗೆ ಬೇಡ. ನಂಜನಗೂಡು ರಸಬಾಳೆ ಸಿಕ್ಕಿದರೆ ಒಲೆಯ ಹತ್ತಿರವೂ ತರಬೇಡಿ. ಆ ಪರಿಮಳ ಹಾಗೇ ತಿನ್ನುವುದಕ್ಕೆ ಇರುವುದು.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ‘ಸಕ್ಕರೆ ಹಾಕಿಲ್ಲ’ ಅಂದರೆ ‘ಸಕ್ಕರೆ ಇಲ್ಲ’ ಅಂತ ಅರ್ಥ ಅಲ್ಲ. 100 ಗ್ರಾಂ ಬಾಳೆಹಣ್ಣಿನಲ್ಲೇ ಸುಮಾರು 12 ಗ್ರಾಂ ಸಕ್ಕರೆ ಇರುತ್ತದೆ. ಹೆಚ್ಚು ಮಾಗಿದ ಹಣ್ಣು ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರಿಗೆ ‘ಇದು ಹೆಲ್ದಿ ಕೇಕ್’ ಅಂತ ಮೂರು ತುಂಡು ಕೊಡಬೇಡಿ. ತೆಳುವಾದ ಒಂದು ತುಂಡು, ಅದೂ ಅವರ ಊಟದ ಲೆಕ್ಕದೊಳಗೆ ಸೇರಿಸಿ.

ಗೋಧಿ ಹಿಟ್ಟಿನ ಕೇಕ್

ಬೇಕಾಗುವುದು ಇಷ್ಟು. ಹಿಸುಕಿದ ಬಾಳೆಹಣ್ಣು ಒಂದೂವರೆ ಕಪ್, ಗೋಧಿ ಹಿಟ್ಟು ಒಂದೂ ಮುಕ್ಕಾಲು ಕಪ್, ಹುಳಿ ಮೊಸರು ಕಾಲು ಕಪ್, ಎಣ್ಣೆ ಕಾಲು ಕಪ್, ಬೆಲ್ಲದ ಪುಡಿ ಕಾಲು ಕಪ್, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಚಿಟಿಕೆ ಉಪ್ಪು, ನಾಲ್ಕು ಏಲಕ್ಕಿಯ ಪುಡಿ. ಹೆಚ್ಚಿದ ಖರ್ಜೂರ ಅಥವಾ ವಾಲ್‌ನಟ್ ಒಂದು ಹಿಡಿ. ಮೊಟ್ಟೆ ಬೇಕಿಲ್ಲ. ಹಿಸುಕಿದ ಹಣ್ಣೇ ಹಿಟ್ಟನ್ನು ಹಿಡಿದಿಡುತ್ತದೆ.

ಹಣ್ಣನ್ನು ಕಪ್ಪಿನಲ್ಲೇ ಅಳೆಯಿರಿ, ಎಣಿಸಬೇಡಿ. ‘ನಾಲ್ಕು ಬಾಳೆಹಣ್ಣು’ ಅಂತ ಬರೆದ ರೆಸಿಪಿಗಳಿಂದಲೇ ಅರ್ಧ ಕೇಕ್ ಕೆಡುವುದು. ಒಂದೂವರೆ ಕಪ್ಪಿಗೆ ಪಚ್ಚಬಾಳೆ ಮೂರೋ ನಾಲ್ಕೋ ಸಾಕು, ಏಲಕ್ಕಿ ಬಾಳೆ ಹತ್ತು ಬೇಕಾಗಬಹುದು. ಮನೆಯಲ್ಲಿ ಹಣ್ಣು ಜಾಸ್ತಿ ಇದೆ, ಖಾಲಿಯಾಗಲಿ ಅಂತ ಇನ್ನೆರಡು ಸೇರಿಸಿದರೆ ತಳದಲ್ಲಿ ಅಂಟು ಖಂಡಿತ.

ಮೊದಲು ಓವನ್ ಹಚ್ಚಿ. 175 ಡಿಗ್ರಿ. ಹತ್ತು ನಿಮಿಷ ಕಾಯಲಿ. ಅಷ್ಟರಲ್ಲಿ ಟಿನ್ನಿಗೆ ಎಣ್ಣೆ ಸವರಿ ಹಿಟ್ಟು ಉದುರಿಸಿಡಿ.

ಹಣ್ಣನ್ನು ಫೋರ್ಕಿನಲ್ಲೋ ಪಾವ್‌ಭಾಜಿ ಹಿಸುಕುವ ಮ್ಯಾಶರ್‌ನಲ್ಲೋ ಹಿಸುಕಿ. ಮಿಕ್ಸಿ ಬೇಡ, ದಯವಿಟ್ಟು. ಮಿಕ್ಸಿಗೆ ಹಾಕಿದರೆ ಹಣ್ಣು ನೀರಾಗುತ್ತದೆ, ಆ ನೀರು ತಳಕ್ಕೆ ಇಳಿಯುತ್ತದೆ. ಅಲ್ಲಲ್ಲಿ ಕಡಲೆ ಗಾತ್ರದ ಗಂಟು ಉಳಿದರೆ ಒಳ್ಳೆಯದು, ತಿನ್ನುವಾಗ ಬಾಯಿಗೆ ಸಿಗುತ್ತದೆ. ಇದಕ್ಕೆ ಮೊಸರು, ಎಣ್ಣೆ, ಬೆಲ್ಲ ಸೇರಿಸಿ ಬೆಲ್ಲ ಕರಗುವವರೆಗೆ ಚೆನ್ನಾಗಿ ಕಲಸಿ. ಎಷ್ಟು ಕಲಸಿದರೂ ಈ ಹಂತದಲ್ಲಿ ತೊಂದರೆ ಇಲ್ಲ. ಅಚ್ಚು ಬೆಲ್ಲವಾದರೆ ಎರಡು ಚಮಚ ಬಿಸಿನೀರಿನಲ್ಲಿ ಕರಗಿಸಿ, ಸೋಸಿ, ಆರಿದ ಮೇಲೆ ಹಾಕಿ.

ಬೆಲ್ಲ ಹಾಕಿದ್ದರಿಂದ ಇದು ಔಷಧಿ ಆಗಲಿಲ್ಲ, ನೆನಪಿರಲಿ. ಬೆಲ್ಲವೂ ಬಹುಪಾಲು ಸಕ್ಕರೆಯೇ. ರುಚಿಗಾಗಿ ಹಾಕುತ್ತಿದ್ದೇವೆ, ಅದಕ್ಕೇ ಕಾಲು ಕಪ್ ಮಾತ್ರ. ಹಣ್ಣು ಚೆನ್ನಾಗಿ ಮಾಗಿದ್ದರೆ ಎರಡು ಚಮಚಕ್ಕೆ ಇಳಿಸಿ. ದುಬಾರಿ ಬ್ರೌನ್ ಶುಗರ್ ತರಲು ಹೋಗಬೇಡಿ. ಬಣ್ಣ ಕಂದಾದ ಮಾತ್ರಕ್ಕೆ ಅದು ಬೇರೆ ವಸ್ತುವಾಗುವುದಿಲ್ಲ.

ಇನ್ನೊಂದು ಪಾತ್ರೆಯಲ್ಲಿ ಗೋಧಿ ಹಿಟ್ಟು, ಬೇಕಿಂಗ್ ಪೌಡರ್, ಸೋಡಾ, ಉಪ್ಪು, ಏಲಕ್ಕಿ ಸೇರಿಸಿ ಎರಡು ಸಲ ಜರಡಿ ಹಿಡಿಯಿರಿ. ಜರಡಿಯಲ್ಲಿ ಉಳಿದ ತೌಡನ್ನು ವಾಪಸ್ ಹಿಟ್ಟಿಗೇ ಹಾಕಿ. ಮೈದಾ ಬಿಟ್ಟು ಗೋಧಿ ಹಿಟ್ಟು ತೆಗೆದುಕೊಂಡಿದ್ದೇ ಆ ನಾರಿಗಾಗಿ, ಅಲ್ವಾ? ಸೋಡಾ ಕಣ್ಣಳತೆಯಲ್ಲಿ ಬೇಡ. ಹೆಚ್ಚಾದರೆ ಸೋಪಿನ ರುಚಿ ಬರುತ್ತದೆ, ಕೇಕ್ ಕಪ್ಪಾಗುತ್ತದೆ.

ಇನ್ನು ಮುಂದಿನ ಒಂದು ನಿಮಿಷವೇ ಮುಖ್ಯ. ತಪ್ಪುವುದೆಲ್ಲ ಇಲ್ಲೇ.

ಹಿಟ್ಟನ್ನು ಹಣ್ಣಿನ ಮಿಶ್ರಣಕ್ಕೆ ಎರಡು ಕಂತಿನಲ್ಲಿ ಹಾಕಿ. ಅಗಲವಾದ ಮರದ ಚಮಚ ತೆಗೆದುಕೊಳ್ಳಿ. ಚಮಚವನ್ನು ಪಾತ್ರೆಯ ಅಂಚಿನಿಂದ ತಳಕ್ಕೆ ಇಳಿಸಿ, ತಳದಲ್ಲಿರುವುದನ್ನು ಎತ್ತಿ ಮೇಲಕ್ಕೆ ಮಗುಚಿ. ಪಾತ್ರೆಯನ್ನು ಸ್ವಲ್ಪ ತಿರುಗಿಸಿ. ಮತ್ತೆ ಇಳಿಸಿ, ಎತ್ತಿ, ಮಗುಚಿ. ಚಿತ್ರಾನ್ನ ಕಲಸುವಾಗ ಅನ್ನ ಮುರಿಯದಂತೆ ಕೈ ಆಡಿಸುತ್ತೀರಲ್ಲ, ಅದೇ ಮೃದು ಕೈ ಇಲ್ಲಿಯೂ ಬೇಕು. ಹದಿನೈದು ಇಪ್ಪತ್ತು ಸಲ ಮಗುಚಿದರೆ ಸಾಕು. ಒಣ ಹಿಟ್ಟು ಕಣ್ಣಿಗೆ ಕಾಣದಾದ ಕ್ಷಣ ನಿಲ್ಲಿಸಿ. ಸಣ್ಣ ಗಂಟುಗಳಿದ್ದರೆ ಇರಲಿ, ಬೇಯುವಾಗ ಅವು ಸರಿಹೋಗುತ್ತವೆ.

ದೋಸೆ ಹಿಟ್ಟು ಬೀಸಿ ಬೀಸಿ ಕಲಸಿ ರೂಢಿಯಾದ ಕೈ ಇಲ್ಲಿ ನಿಲ್ಲುವುದಿಲ್ಲ. ನಯವಾಗಲಿ ಅಂತ ಇನ್ನೊಂದೆರಡು ನಿಮಿಷ ತಿರುಗಿಸುತ್ತಾರೆ. ಗೋಧಿಗೆ ನೀರು ತಾಗಿ, ಮೇಲೆ ತಿರುವಿದಷ್ಟೂ ಅದರ ಜಿಗುಟು ಎಳೆ ಎಳೆಯಾಗಿ ಕಟ್ಟುತ್ತದೆ. ಚಪಾತಿಗೆ ನಾದುವುದು ಇದೇ ಜಿಗುಟು ಬರಲಿ ಅಂತ. ಕೇಕಿಗೆ ಅದು ಬಂದರೆ ರಬ್ಬರಿನ ಹಾಗಾಗುತ್ತದೆ. ಕೈ ಬೀಟರ್, ಎಲೆಕ್ಟ್ರಿಕ್ ಬೀಟರ್ ಯಾವುದನ್ನೂ ಮುಟ್ಟಬೇಡಿ.

ಹಿಟ್ಟಿನ ಹದ ಹೀಗಿರಬೇಕು. ಚಮಚದಲ್ಲಿ ಎತ್ತಿದರೆ ಒಂದು ಕ್ಷಣ ನಿಂತು ಆಮೇಲೆ ದೊಪ್ಪನೆ ಬೀಳಬೇಕು. ಇಡ್ಲಿ ಹಿಟ್ಟಿಗಿಂತ ಗಟ್ಟಿ, ಉದ್ದಿನ ವಡೆಯ ಹಿಟ್ಟಿಗಿಂತ ಸಡಿಲ. ಧಾರೆಯಾಗಿ ಸುರಿದರೆ ಎರಡು ಚಮಚ ಹಿಟ್ಟು ಸೇರಿಸಿ. ಬೀಳದೇ ಅಂಟಿಕೊಂಡರೆ ಒಂದು ಚಮಚ ಹಾಲು.

ಕೂಡಲೇ ಟಿನ್ನಿಗೆ ಸುರಿದು ಓವನ್ನಿಗೆ ಇಡಿ. ಸೋಡಾ ಮತ್ತು ಹುಳಿ ಮೊಸರು ಸೇರಿದ ಗಳಿಗೆಯಿಂದಲೇ ಗುಳ್ಳೆ ಏಳಲು ಶುರು. ಫೋನ್ ಬಂತು, ಬಾಗಿಲು ಬಡಿದರು ಅಂತ ಅರ್ಧ ಗಂಟೆ ಬಿಟ್ಟರೆ ಗುಳ್ಳೆಯೆಲ್ಲ ಹೋಗಿ ಕೇಕ್ ಇಟ್ಟಿಗೆಯಾಗುತ್ತದೆ.

45ರಿಂದ 55 ನಿಮಿಷ ಬೇಯಬೇಕು. ಮೊದಲ 35 ನಿಮಿಷ ಬಾಗಿಲು ತೆರೆಯಬೇಡಿ, ಮಧ್ಯ ಕುಸಿಯುತ್ತದೆ. ಮೇಲ್ಭಾಗ ಬೇಗ ಕಂದಾಗುವುದು ಹಣ್ಣಿನ ಸಕ್ಕರೆಯಿಂದ. ಅದನ್ನು ನೋಡಿ ಆಯಿತು ಅಂದುಕೊಳ್ಳಬೇಡಿ. ಆಮೇಲೆ ಮೇಲೆ ಅಲ್ಯೂಮಿನಿಯಂ ಹಾಳೆ ಸಡಿಲವಾಗಿ ಮುಚ್ಚಿ ಮುಂದುವರಿಸಿ. ಪೊರಕೆ ಕಡ್ಡಿಯ ಬದಲು ಉದ್ದದ ತೆಳು ಚಾಕುವನ್ನು ನಡುಮಧ್ಯ ತಳದವರೆಗೆ ಚುಚ್ಚಿ. ಒದ್ದೆ ಹಿಟ್ಟು ಅಂಟಬಾರದು. ಹಣ್ಣಿನ ಗಂಟು ಅಂಟಿದ್ದರೆ ಪಕ್ಕದಲ್ಲಿ ಇನ್ನೊಂದು ಸಲ ಚುಚ್ಚಿ ನೋಡಿ.

ಬೆಂದ ಮೇಲೂ ಒಂದು ಗಂಟೆ ಕಾಯಬೇಕು. ಹತ್ತು ನಿಮಿಷ ಟಿನ್ನಿನಲ್ಲೇ, ಆಮೇಲೆ ತಂತಿ ಜಾಲರಿಯ ಮೇಲೆ. ಟಿನ್ನಿನಲ್ಲೇ ಬಿಟ್ಟರೆ ಹಬೆ ನೀರಾಗಿ ತಳ ಒದ್ದೆಯಾಗುತ್ತದೆ. ಬಿಸಿಯಲ್ಲಿ ಕತ್ತರಿಸಿದರೆ ಸರಿಯಾಗಿ ಬೆಂದ ಕೇಕೂ ಹಸಿಯಾಗಿ ಕಾಣುತ್ತದೆ. ನಿಜ ಹೇಳಬೇಕೆಂದರೆ ಮರುದಿನ ಬೆಳಿಗ್ಗೆ ಇದರ ರುಚಿ ಇನ್ನೂ ಚೆನ್ನ.

ಓವನ್ ಇಲ್ಲದವರು ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಮಾಡಬಹುದು. ಒಳಗೆ ಸ್ಟ್ಯಾಂಡ್ ಇಟ್ಟು, ಬಿಗಿಯಾದ ಮುಚ್ಚಳ ಮುಚ್ಚಿ, ಹತ್ತು ನಿಮಿಷ ಕಾಯಿಸಿ, ಆಮೇಲೆ ಟಿನ್ ಇಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಪ್ರೆಶರ್ ಕುಕ್ಕರಿನಲ್ಲಿ ಮಾಡುವವರು ತುಂಬ ಜನ. ನಾನು ಬೇಡ ಎನ್ನುತ್ತೇನೆ. ನೀರಿಲ್ಲದೇ ಅಷ್ಟು ಹೊತ್ತು ಒಣ ಬಿಸಿ ತಾಗಿದರೆ ಕುಕ್ಕರ್ ಕೆಡುತ್ತದೆ. ಮಾಡಿಯೇ ತೀರುತ್ತೇನೆ ಅನ್ನುವವರು ಗ್ಯಾಸ್ಕೆಟ್ ಮತ್ತು ವಿಷಲ್ ಎರಡನ್ನೂ ತೆಗೆಯಲೇಬೇಕು.

ಪೊಟ್ಟಣದ ‘ಮಲ್ಟಿಗ್ರೇನ್’ ಕೇಕ್ ಮಿಕ್ಸ್ ತರುವವರು ಹಿಂಬದಿ ಓದಿ. ಯಾವುದು ಹೆಚ್ಚು ಇದೆಯೋ ಅದನ್ನೇ ಪಟ್ಟಿಯಲ್ಲಿ ಮೊದಲು ಬರೆಯಬೇಕು ಅನ್ನುವುದು ನಿಯಮ. ಮೊದಲ ಎರಡು ಹೆಸರು ಮೈದಾ, ಸಕ್ಕರೆ ಆಗಿದ್ದರೆ ಅಲ್ಲೇ ಇಟ್ಟು ಬನ್ನಿ. ಬಾಳೆಹಣ್ಣಿನ ಎಸೆನ್ಸ್ ಅಂತೂ ಬೇಡವೇ ಬೇಡ.

ಅರ್ಧ ಗಂಟೆಯಲ್ಲಿ ಗುಳಿಯಪ್ಪ

ಸಂಜೆ ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಇದೇ ಸರಿ. ಕರಾವಳಿಯಲ್ಲಿ ಮುಳ್ಕ ಎಂಬ ಸಿಹಿ ಉಂಡೆಯನ್ನು ಎಣ್ಣೆಯಲ್ಲಿ ಕರಿಯುತ್ತಾರೆ, ಇಲ್ಲಿ ಗುಳಿಗೆ ಅರ್ಧ ಚಮಚ ತುಪ್ಪ ಸಾಕು.

ಹಿಸುಕಿದ ಹಣ್ಣು ಒಂದು ಕಪ್, ಗೋಧಿ ಹಿಟ್ಟು ಮುಕ್ಕಾಲು ಕಪ್, ಚಿರೋಟಿ ರವೆ ಕಾಲು ಕಪ್, ತೆಂಗಿನ ತುರಿ ಕಾಲು ಕಪ್, ಎಳ್ಳು ಒಂದು ಚಮಚ, ಏಲಕ್ಕಿ, ಉಪ್ಪು. ಸಕ್ಕರೆ, ಬೆಲ್ಲ ಎರಡೂ ಬೇಡ. ಕಲಸಿ ಇಪ್ಪತ್ತು ನಿಮಿಷ ಬಿಡಿ, ರವೆ ನೆನೆಯಬೇಕು. ಕೊನೆಗೆ ಚಿಟಿಕೆ ಸೋಡಾ. ಪಡ್ಡು ಕಾವಲಿ ಬೀಡಿನದಾದರೆ ಬಹಳ ಒಳ್ಳೆಯದು, ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾವಲಿ ಕಾದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ, ಗುಳಿ ಮುಕ್ಕಾಲು ತುಂಬಿಸಿ, ಮುಚ್ಚಿ. ದೊಡ್ಡ ಉರಿಯಲ್ಲಿ ಹಣ್ಣಿನ ಸಿಹಿ ಸೀದು ಹೊರಗೆ ಕಪ್ಪು, ಒಳಗೆ ಹಸಿ. ನಾಲ್ಕು ನಿಮಿಷಕ್ಕೆ ಅಂಚು ಬಿಟ್ಟುಕೊಂಡಾಗ ಮಗುಚಿ ಇನ್ನೆರಡು ನಿಮಿಷ ಬೇಯಿಸಿ.

ದೋಸೆ ಇನ್ನೂ ಸುಲಭ. ಎರಡು ಕಪ್ ಅಕ್ಕಿ ನಾಲ್ಕು ಗಂಟೆ ನೆನೆಸಿ, ಅರ್ಧ ಕಪ್ ತೆಂಗಿನ ತುರಿ, ಒಂದು ಕಪ್ ಹಣ್ಣು, ಉಪ್ಪು ಹಾಕಿ ರುಬ್ಬಿ. ಹುಳಿ ಬರಿಸಬೇಕಾಗಿಲ್ಲ. ದಪ್ಪಗೆ ಹೊಯ್ದು, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಿ. ಖಾರದ ಕಾಯಿ ಚಟ್ನಿ ಜೊತೆಗಿರಲಿ.

ಬನ್ಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಂಗಳೂರು ಬನ್ಸನ್ನು ಓವನ್ನಿನಲ್ಲಿ ಮಾಡಿದರೆ ಅದು ಉಬ್ಬದ ಬಿಸ್ಕತ್ತು. ಅದು ಬಾಳೆಹಣ್ಣು ಹಾಕಿ ಕಲಸಿದ ಹಿಟ್ಟನ್ನು ಕರಿದು ಮಾಡುವ ತಿಂಡಿ. ಅಪರೂಪಕ್ಕೆ ಮಾಡಿ, ಕರಿದೇ ತಿನ್ನಿ. ದಿನನಿತ್ಯಕ್ಕೆ ಬೇಕಾದರೆ ಅದೇ ಹಿಟ್ಟನ್ನು ಪೂರ್ತಿ ಗೋಧಿಯಲ್ಲಿ, ಮೊಸರು, ಜೀರಿಗೆ ಹಾಕಿ, ಸಕ್ಕರೆ ಬಿಟ್ಟು ಕಲಸಿ. ನೀರು ಒಂದು ಹನಿಯೂ ಬೇಡ. ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ದಪ್ಪ ಚಪಾತಿಯ ಹಾಗೆ ಲಟ್ಟಿಸಿ ಕಾವಲಿಯಲ್ಲಿ ಸುಡಿ. ಡಬ್ಬಿಗೆ ಹಾಕಿಕೊಟ್ಟರೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ.

ಇವತ್ತು ಮಾಡಲು ಪುರುಸೊತ್ತಿಲ್ಲವಾದರೆ

ಸಿಪ್ಪೆ ಸುಲಿದು, ಹಿಸುಕಿ, ಒಂದೂವರೆ ಕಪ್ಪಿನಷ್ಟು ಅಳೆದು ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ. ಡಬ್ಬಿಯ ಮೇಲೆ ತಾರೀಕು ಬರೆದಿರಲಿ, ಎರಡು ಮೂರು ತಿಂಗಳೊಳಗೆ ಬಳಸಿ. ಸಿಪ್ಪೆ ಸಮೇತ ಇಟ್ಟರೆ ಆಮೇಲೆ ಸುಲಿಯುವುದು ದೊಡ್ಡ ಪಾಡು. ಕರಗಿದಾಗ ಕಂದು ನೀರು ಬಿಡುತ್ತದೆ. ಚೆಲ್ಲಬೇಡಿ, ಸಿಹಿ ಅದರಲ್ಲೂ ಇದೆ. ಹಣ್ಣಿನ ಜೊತೆಗೇ ಕಲಸಿ, ಹಿಟ್ಟು ಒಂದು ಚಮಚ ಹೆಚ್ಚು ಹಾಕಿ. ಮಿಶ್ರಣ ಪೂರ್ತಿ ತಣ್ಣಗಿದ್ದಾಗ ಹಿಟ್ಟು ಸೇರಿಸಬೇಡಿ. ಕೋಣೆಯ ಕಾವಿಗೆ ಬರುವವರೆಗೆ ಕಾದು, ಆಮೇಲೆ ಓವನ್ ಹಚ್ಚಿ.