ಹನ್ನೊಂದು ಸಾವಿರದ ಫೋನಿಗೆ ಬೀಗ: ನನ್ನ ಅನುಭವ

ಕಚೇರಿಯ ಹೆಸರು ಬೇಡ. ತುಮಕೂರು ಜಿಲ್ಲೆಯದ್ದು, ಸಿಬ್ಬಂದಿ ಊರೂರು ತಿರುಗಿ ಜನರ ಆಧಾರ್, ಜಮೀನು, ಬ್ಯಾಂಕ್ ವಿವರ ತರುತ್ತಾರೆ ಅಂದರೆ ಸಾಕು. ಅದೆಲ್ಲ ಅವರವರ ಸ್ವಂತ ಫೋನಿನಲ್ಲಿ, ಮಕ್ಕಳ ಗೇಮಿನ ಪಕ್ಕದಲ್ಲೇ ಕೂತಿತ್ತು. ಬೆಂಗಳೂರಿನ ಒಂದು ಕಂಪನಿ 'ಸೆಕ್ಯೂರ್ ಫೋನ್' ಅಂತ ತಲಾ 60 ಸಾವಿರದ ಹತ್ತಿರ ಕೊಟೇಶನ್ ಕೊಟ್ಟಿತ್ತು, ವರ್ಷದ ಲೈಸೆನ್ಸ್ ಬೇರೆ. ಅದೇ ಭದ್ರತೆಯನ್ನು ಹನ್ನೊಂದು ಸಾವಿರದ ಅಂಗಡಿ ಫೋನಿನಲ್ಲೇ ಮಾಡ್ತೀನಿ ಅಂದೆ. ಸೂಪರಿಂಟೆಂಡೆಂಟ್ ನಕ್ಕುಬಿಟ್ಟರು: "ಬಿಡಿ ಸ್ವಾಮಿ, ಮಿಲಿಟರಿಯವರೇ ಒದ್ದಾಡ್ತಾರೆ." ಒಂದೂವರೆ ವರ್ಷದಿಂದ 40 ಚಿಲ್ಲರೆ ಫೋನ್ ಓಡುತ್ತಿವೆ.

ಮಿಲಿಟರಿಯವರ ಮಾತು ಬಂದಿದ್ದೂ ಒಳ್ಳೆಯದೇ ಆಯ್ತು. 2020ರಲ್ಲಿ ನಮ್ಮ ಸೇನೆ 89 ಆ್ಯಪ್ ತೆಗೆಯಿರಿ ಅಂತ ಪಟ್ಟಿ ಕೊಟ್ಟಿತ್ತು, ಫೇಸ್‌ಬುಕ್, ಟ್ರೂಕಾಲರ್ ಎಲ್ಲ ಅದರಲ್ಲಿದ್ದವು. ತೆಗೆಯುವ ಪಟ್ಟಿ ದಿನಾ ಬೆಳೆಯುತ್ತೆ. ನಾನು ಇರಬೇಕಾದ್ದರ ಪಟ್ಟಿ ಮಾಡಿದೆ, ಎಂಟೋ ಒಂಬತ್ತೋ ಆ್ಯಪ್, ಅಷ್ಟೇ. ಲೊಕೇಶನ್ ಯಾಕೆ ಆಫ್ ಅಂತ ಕೇಳಿದವರಿಗೆ ಓಟ, ನಡಿಗೆ ದಾಖಲಿಸುವ ಸ್ಟ್ರಾವಾ ಆ್ಯಪಿನ 2018ರ ಕಥೆ ಹೇಳಿದೆ: ಸೈನಿಕರು ಜಾಗಿಂಗ್ ಮಾಡಿದ ಗೆರೆಗಳೇ ನಕಾಶೆಯಲ್ಲಿ ಸೇನಾ ನೆಲೆಗಳನ್ನು ತೋರಿಸಿಕೊಟ್ಟಿದ್ದವು. ಆಮೇಲೆ ಯಾರೂ ಕೇಳಲಿಲ್ಲ.

ಎಲ್ಲ ಫೋನನ್ನೂ ದೂರದಿಂದಲೇ ಹಿಡಿತದಲ್ಲಿಡುವ ಎಂಡಿಎಂ ಸರ್ವರ್ ನಮ್ಮದೇ, ಸಾಫ್ಟ್‌ವೇರ್ ಹೆಡ್‌ವಿಂಡ್. ವೆಲ್‌ಕಮ್ ಪರದೆಗೆ ಆರು ಸಲ ಕುಟ್ಟಿ ಕ್ಯೂಆರ್ ಕೋಡ್ ತೋರಿಸಿದರೆ ಹೊಸ ಫೋನ್ ಈ ಸರ್ವರಿನ ಹಿಡಿತಕ್ಕೆ ಬರುತ್ತೆ, ಅದು ಬಲ್ಲವರಿಗೆ ಗೊತ್ತು. ಗೊತ್ತಿಲ್ಲದೆ ಇರೋದು ಅಂಗಡಿಯವರ ಕಾಟ. "ಚೆಕ್ ಮಾಡಿ ಕೊಡ್ತೀನಿ ಸಾರ್" ಅಂತ ಸೀಲ್ ಒಡೆದು ಸೆಟಪ್ ಮುಗಿಸಿಟ್ಟಿದ್ದರು, ಆ ಪರದೆಯೇ ಬರುತ್ತಿರಲಿಲ್ಲ, ಮೊದಲ ಕಂತಿನ ಅರ್ಧಕ್ಕರ್ಧ ಫೋನ್ ರಿಸೆಟ್ ಹೊಡೆಯಬೇಕಾಯ್ತು. ಇನ್ನು ಕೆಲವು ಡೌನ್‌ಲೋಡ್ ಹಂತಕ್ಕೆ ಬಂದು ನಿಂತುಬಿಡುತ್ತಿದ್ದವು. ಡಬ್ಬದಲ್ಲೇ ತಿಂಗಳುಗಟ್ಟಲೆ ಮಲಗಿ ತಾರೀಖು ಹಿಂದೆ ಬಿದ್ದಿತ್ತು, ಅದಕ್ಕೇ ಸರ್ವರಿನ ಗುರುತು ಹೇಳುವ ಸರ್ಟಿಫಿಕೇಟನ್ನು ಫೋನ್ ಒಪ್ಪುತ್ತಿರಲಿಲ್ಲ. ಒಂದು ಬ್ರಾಂಡಿನದಂತೂ ಪರದೆ ಆರಿದರೆ ಸರ್ವರಿನ ಮಾತು ಕೇಳುವ ನಮ್ಮ ಏಜೆಂಟ್ ಆ್ಯಪನ್ನೇ ಕೊಂದುಹಾಕುತ್ತಿತ್ತು. ಆ ಆರೇಳು ಫೋನ್ ಹಿಂದಕ್ಕೆ ಕೊಟ್ಟೆ, ಸುಮಾರು 8 ಸಾವಿರ ಕೈಬಿಟ್ಟಿತು.

ನಿಜವಾದ ತಲೆನೋವು ಪಾವಗಡ. ಮೂರು ಕಡೆ ಆಂಧ್ರ. ತಿರುಮಣಿ ದಾಟಿದರೆ ಫೋನ್ ಯಾವ ಟವರ್ ಹಿಡಿಯುತ್ತೋ ದೇವರೇ ಬಲ್ಲ. ಫೋನಿನಿಂದ ಕಚೇರಿಗೆ ಗುಟ್ಟಿನ ದಾರಿ ಕಟ್ಟುವ ವಿಪಿಎನ್ ಮೊದಲು ಹಾಕಿದ್ದು ಓಪನ್‌ವಿಪಿಎನ್. ಓಪನ್‌ವಿಪಿಎನ್ ಪ್ರತಿ ಸಲ ಕಡಿದು ಮತ್ತೆ ಕಟ್ಟಿಕೊಳ್ಳುವಷ್ಟರಲ್ಲಿ ಸಿಬ್ಬಂದಿ ಕೈಬಿಟ್ಟು ಪೇಪರಿನಲ್ಲಿ ಬರೆದುಕೊಳ್ಳುತ್ತಿದ್ದರು. ವೈರ್‌ಗಾರ್ಡ್ ಅನ್ನೋ ಇನ್ನೊಂದು ವಿಪಿಎನ್ ಹಾಕಿದ ಮೇಲೆ ಟವರ್ ಜೊತೆ ಫೋನಿನ ಐಪಿ ವಿಳಾಸ ಬದಲಾದರೂ ಕೊಂಡಿ ಉಳಿಯಿತು. ಕೀಪ್‌ಅಲೈವ್, ಅಂದರೆ ಕೊಂಡಿ ಉಳಿಸಲು ಆಗಾಗ ಕಳಿಸುವ ಸಂಕೇತ, 25 ಸೆಕೆಂಡಿಗೊಮ್ಮೆ ಇಟ್ಟರೆ ಬ್ಯಾಟರಿ ಮಧ್ಯಾಹ್ನಕ್ಕೇ ಸುಸ್ತು. ನಾನು ಎಷ್ಟು ಇಟ್ಟಿದ್ದೇನೆ ಅನ್ನೋದು ನನ್ನ ಹೊಟ್ಟೆಪಾಡು, ಕೇಳಬೇಡಿ.

ವಿಪಿಎನ್ ಇಲ್ಲದೆ ಇಂಟರ್ನೆಟ್ಟೇ ಬೇಡ ಅಂತ ಬಿಗಿ ಮಾಡಿದ್ದರಿಂದ ಸರ್ವರ್ ಇದ್ದ ಕಚೇರಿಯಲ್ಲಿ ಕರೆಂಟ್ ಹೋದರೆ ಜಿಲ್ಲೆಯಲ್ಲಿದ್ದ ಅಷ್ಟೂ ಫೋನ್ ಇಟ್ಟಿಗೆ. ಇನ್ವರ್ಟರ್, ಬ್ಯಾಟರಿ ಸೇರಿ 28 ಸಾವಿರ, ಎರಡನೇ ಫೈಬರ್ ಲೈನ್ ತಿಂಗಳಿಗೆ 700. ಕೈಯಿಂದ ಹಾಕಿದೆ, ಬಿಲ್ ಪಾಸಾಗಲು ಮಾರ್ಚ್ ಬರಬೇಕಾಯ್ತು.

ಇಷ್ಟೆಲ್ಲ ಮಾಡಿದರೂ ಫೋಟೋ ಹಳೇ ಫೋನಿನ ವಾಟ್ಸಾಪಿನಲ್ಲೇ ಹೋಗುತ್ತಿತ್ತು. ಮೆಮೊ ಕೊಟ್ಟರೂ ಬಗ್ಗಲಿಲ್ಲ. ನಮ್ಮ ಆ್ಯಪಿನಲ್ಲಿ ಫೋಟೋ ಕಳಿಸೋಕೆ ಐದು ಸಲ ಒತ್ತಬೇಕಿತ್ತು, ವಾಟ್ಸಾಪಿನಲ್ಲಿ ಎರಡೇ. ನಮ್ಮದನ್ನೂ ಎರಡಕ್ಕೆ ಇಳಿಸಿ, ನೆಟ್‌ವರ್ಕ್ ಇಲ್ಲದಿದ್ದರೆ ತಾನೇ ಕಾದು ಕಳಿಸುವ ಹಾಗೆ ಮಾಡಿಸಿದೆ, ತಿಂಗಳೊಳಗೆ ವಾಟ್ಸಾಪ್ ಗುಂಪು ತಣ್ಣಗಾಯ್ತು. ನನ್ನ ಕೇಳಿದರೆ ಆ ಡೆವಲಪರ್‌ಗೆ ಕೊಟ್ಟ 15 ಸಾವಿರವೇ ಇಡೀ ಕೆಲಸದಲ್ಲಿ ಸರಿಯಾಗಿ ಹೋದ ದುಡ್ಡು.

ಒಬ್ಬ ಪುಣ್ಯಾತ್ಮ ಎಂ.ಜಿ. ರೋಡಿಗೆ ಒಯ್ದು ನಮ್ಮ ಬೀಗ ಅಳಿಸೋಕೆ ಫೋನ್ ಫ್ಲಾಶ್ ಮಾಡಿಸಲು, ಅಂದರೆ ಸಾಫ್ಟ್‌ವೇರ್ ಹೊಸದಾಗಿ ತುಂಬಿಸಲು ನೋಡಿದ. ರಿಸೆಟ್ ಆಯ್ತು, ಆದರೆ ನನ್ನ ಖಾತೆ ಕೇಳಿ ನಿಂತಿತು. ಅಂಗಡಿಯವನೇ ಫೋನ್ ಮಾಡಿ "ಏನ್ ಹಾಕಿದೀರಾ ಅಣ್ಣಾ?" ಅಂದ. ಹೇಳಲಿಲ್ಲ. ಪರದೆಯನ್ನು ಬೇರೆ ಫೋನಿನಲ್ಲಿ ಫೋಟೋ ತೆಗೆದರೆ ಯಾರದ್ದು ಅಂತ ಹಿಡಿಯುವ ಉಪಾಯವೂ ಇದೆ, ಅದೂ ಹೇಳಲ್ಲ.

ನಡುವೆ ಭದ್ರತೆಗೇ ಹೆಸರಾದ ಆಂಡ್ರಾಯ್ಡ್ ರೂಪ ನೋಡೋಣ ಅಂತ ಗೂಗಲ್‌ನ ಹಳೇ ಪಿಕ್ಸೆಲ್‌ಗೆ ಗ್ರಾಫೀನ್‌ಓಎಸ್ ಹಾಕಿ ನೋಡಿದೆ. ಚಿನ್ನದಂಥದ್ದು, ಆದರೆ 40 ಪಿಕ್ಸೆಲ್‌ಗೆ ದುಡ್ಡೆಲ್ಲಿ? ಸಭೆಯ ಹೊತ್ತಿಗೆ ಫೋನಿನ ಸಿಗ್ನಲ್ ಕತ್ತರಿಸಲು ಸ್ಟೀಲ್ ಟಿಫನ್ ಡಬ್ಬಿಯನ್ನೂ ಪರೀಕ್ಷಿಸಿದೆ. ಮುಚ್ಚಳ ಹಾಕಿದರೂ ಒಳಗೆ ಜೋರಾಗಿ ರಿಂಗಾಯ್ತು. ಅಡುಗೆಯ ಫಾಯಿಲ್ ಮೂರು ಸುತ್ತು ಸುತ್ತಿದಾಗ ನಿಂತಿತು, ಆದರೆ ಸಾಹೇಬರ ಫೋನಿಗೆ ಫಾಯಿಲ್ ಸುತ್ತೋರು ಯಾರು? ಕೊನೆಗೆ ಮೀಟಿಂಗ್ ಹಾಲಿನ ಹೊರಗೆ ಫೋನ್ ಇಡೋಕೆ ಪ್ಲೈವುಡ್ ಗೂಡು ಮಾಡಿಸಿದೆ, 1,800 ರೂಪಾಯಿ, ಬೀಗದ ಕೈ ಅಟೆಂಡರ್ ಹತ್ತಿರ.