ಸಾಕ್ಷಿ ಹೇಳಲು ಹೊರಟ ಮಗುವಿನ ಜೊತೆ

ಧಾರವಾಡದಲ್ಲಿ ಮಕ್ಕಳ ಜೊತೆ ನ್ಯಾಯಾಲಯಕ್ಕೆ ಹೋಗುವುದು ನನ್ನ ಕೆಲಸ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ನಿಯಮಗಳ ಭಾಷೆಯಲ್ಲಿ ನಾನು ‘ಬೆಂಬಲ ವ್ಯಕ್ತಿ’. ಪಾಲಕರಿಗೆ ನನ್ನ ಮೊದಲ ಮಾತು: ಉತ್ತರಗಳನ್ನು ಬಾಯಿಪಾಠ ಮಾಡಿಸಬೇಡಿ. ಹೇಳಿಕೊಟ್ಟ ಮಾತು ಪಾಟೀಸವಾಲಿನಲ್ಲಿ ಕುಸಿಯುತ್ತದೆ, ಆಮೇಲೆ ಮಗು ತನ್ನನ್ನೇ ದೂರಿಕೊಳ್ಳುತ್ತದೆ. ‘ನೆನಪಿಲ್ಲ’, ‘ಪ್ರಶ್ನೆ ತಿಳಿಯಲಿಲ್ಲ’ ಎನ್ನುವುದೂ ಉತ್ತರವೇ ಎಂದಷ್ಟೇ ತಿಳಿಸಿ.

ಹುಡುಗಿಯೊಬ್ಬಳು ನನ್ನನ್ನು ಕೇಳಿದ್ದು ಒಂದೇ: “ಅವನು ನನ್ನನ್ನು ನೋಡುತ್ತಾನಾ ಅಕ್ಕಾ?” ನೆಲದ ಮೇಲೆ ಕೂತು ಕೋಣೆಯ ಚಿತ್ರ ಬರೆದೆ. ನ್ಯಾಯಾಧೀಶರು ಇಲ್ಲಿ, ನೀನು ಇಲ್ಲಿ, ಪಕ್ಕದಲ್ಲಿ ಅವ್ವ, ನಡುವೆ ಪರದೆ. ಸಾಕ್ಷಿ ಹೇಳುವಾಗ ಮಗು ಆರೋಪಿಗೆ ಎದುರಾಗಬಾರದು ಎಂದು 2012ರ ಆ ಕಾಯ್ದೆಯ 36ನೇ ಕಲಮೇ ಹೇಳುತ್ತದೆ. ಅವಳು ಪೆನ್ಸಿಲ್ ತೆಗೆದುಕೊಂಡು ಪರದೆಯ ಗೆರೆಯನ್ನು ಒತ್ತಿ ಒತ್ತಿ ದಪ್ಪ ಮಾಡಿದಳು.

ವಕೀಲರು ನೇರವಾಗಿ ಕೇಳುವಂತಿಲ್ಲ, ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಬರಬೇಕು. ದಣಿದರೆ ಬಿಡುವು ಕೇಳಬಹುದು; ಅದಕ್ಕೊಂದು ಸನ್ನೆಯನ್ನು ಮನೆಯಲ್ಲೇ ಗೊತ್ತು ಮಾಡಿಕೊಳ್ಳಿ.

ಆ ದಿನ ಹೊಸ ಬಟ್ಟೆ ಬೇಡ, ರೂಢಿಯದೇ ಇರಲಿ. ಹೊಟ್ಟೆ ತುಂಬ ತಿನ್ನಿಸಿ, ನೀರಿನ ಬಾಟಲಿ ಇಟ್ಟುಕೊಳ್ಳಿ. ಕಲಘಟಗಿ, ಕುಂದಗೋಳದಿಂದ ಬಂದವರಿಗೂ ‘ಮುಂದಿನ ದಿನಾಂಕ’ ಸಿಗಬಹುದು. ಹಾಗಾದರೆ ಅದು ಮಗುವಿನ ತಪ್ಪಲ್ಲ ಎಂದು ಊರಿನ ಬಸ್ ಹತ್ತುವ ಮೊದಲೇ ಹೇಳಿಬಿಡಿ.